ಮರ್ಮರದಜ್ಜಿಯ ಶಿಷ್ಯರು

ಜನವರಿ ಬಂತೆಂದರೆ ನನ್ನ ಇಮೇಲ್ ತುಂಬ ಮರ್ಯಾದೆಯೋ ಮರ್ಯಾದೆ. ‘ರೆಸ್ಪೆಕ್ಟೆಡ್ ಮ್ಯಾಡಮ್’ ಎಂದು ಶುರುವಾಗಿ ‘ಯುವರ್ಸ್ ಒಬೀಡಿಯೆಂಟ್ಲಿ’ ಎಂದು ಮುಗಿಯುವ ಅರ್ಜಿಗಳು. ಹುಬ್ಬಳ್ಳಿ, ಬೆಳಗಾವಿ, ಮಣಿಪಾಲ, ದಾವಣಗೆರೆಯಿಂದ ಕೆಲವು, ಖಾರ್ಟೂಮು, ಕ್ವಾಲಾಲಂಪುರ, ಹೈಡೆಲ್‌ಬರ್ಗ್‌ನಿಂದ ಕೆಲವು. ಲಗ್ನಪತ್ರಿಕೆಗಳ ಹಾಗೆ ಹೆಸರು, ಊರು ಬಿಟ್ಟರೆ ಎಲ್ಲದರ ಒಕ್ಕಣೆಯೂ ಒಂದೇ. ಬರೆದವರಿಗೆಲ್ಲ ಚಿಕ್ಕಂದಿನಿಂದಲೂ ಫ್ಯಾಮಿಲಿ ಮೆಡಿಸಿನ್ ಎಂದರೆ ಪ್ರಾಣ. ದೊಡ್ಡವಳಾದ ಮೇಲೆ ಹಾರ್ಟ್ ಸರ್ಜನ್ ಆಗುತ್ತೇನೆ ಎಂದ ಮಕ್ಕಳನ್ನು ನಾನು ಕಂಡಿದ್ದೇನೆ, ಪೈಲಟ್ ಆಗುತ್ತೇನೆ ಎಂದವರನ್ನೂ ಕಂಡಿದ್ದೇನೆ. ನೆಗಡಿ, ಸೊಂಟನೋವು, ಮುದುಕರ ಮಾತು ಇವುಗಳ ನಡುವೆ ಜೀವಮಾನ ಕಳೆಯುತ್ತೇನೆ ಎಂದು ಹಟ ಹಿಡಿದ ಮಗುವನ್ನು ಮಾತ್ರ ಇನ್ನೂ ಕಂಡಿಲ್ಲ. ಆದರೂ ಆ ಸುಳ್ಳು ನನಗೆ ಇಷ್ಟ. ನಾನೂ ಒಂದು ಕಾಲಕ್ಕೆ ಅಂಥದೇ ಅರ್ಜಿ ಬರೆದವಳು, ಹೆರಿಗೆ ವಿಭಾಗಕ್ಕೆ.

ನಾನಿರುವುದು ದಕ್ಷಿಣ ವೇಲ್ಸಿನ ಒಂದು ಕಣಿವೆಯಲ್ಲಿ. ಹಿಂದೆ ಇಲ್ಲಿ ಕಲ್ಲಿದ್ದಲಿನ ಗಣಿ ಇತ್ತು. ಈಗ ಗಣಿಯ ಮಣ್ಣು ಸುರಿದ ಗುಡ್ಡಕ್ಕೆ ಹುಲ್ಲು ಹಬ್ಬಿ ಕುರಿ ಮೇಯುತ್ತವೆ. ಒಂದಕ್ಕೊಂದು ಗೋಡೆ ಹಚ್ಚಿದ ಸಾಲುಮನೆಗಳು, ಮುಚ್ಚಿದ ಚಾಪೆಲ್ಲುಗಳು, ಮುಚ್ಚದ ಚಿಪ್ಸ್ ಅಂಗಡಿ, ರಗ್ಬಿ ಮೈದಾನ, ಆಮೇಲೆ ನಮ್ಮ ದವಾಖಾನೆ. ಊರು ಅಂದರೆ ಅಷ್ಟೇ. ಮಳೆ ಬಗ್ಗೆ ಹೇಳಬೇಕಾಗಿಲ್ಲ. ಮಳೆ ಬಾರದ ದಿನ ನಮ್ಮ ರಿಸೆಪ್ಷನಿಸ್ಟ್ ಮೊದಲು ಆ ವಿಷಯ ಹೇಳಿ ಆಮೇಲೆ ಗುಡ್ ಮಾರ್ನಿಂಗ್ ಹೇಳುತ್ತಾಳೆ.

ಇಲ್ಲಿಗೆ ಬರಲು ಹುಡುಗರು ಪಡುವ ಪಾಡು ದೊಡ್ಡದು. ವಿಸಿಟರ್ ವೀಸಾದಲ್ಲಿ ಬರಬಹುದು, ಆದರೆ ಸಂಬಳವಿಲ್ಲ, ರೋಗಿಗೆ ಚಿಕಿತ್ಸೆ ಕೊಡುವಂತಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಕಾಗದ, ದಡಾರದ ಕಾಗದ, ಕ್ಷಯ ಇಲ್ಲವೆಂಬ ಕಾಗದ, ಪೊಲೀಸರಿಂದ ಒಳ್ಳೆಯವನೆಂಬ ಕಾಗದ, ಡೀನ್ ಕೊಟ್ಟ ಇನ್ನೂ ಒಳ್ಳೆಯವನೆಂಬ ಕಾಗದ. ಇಷ್ಟೆಲ್ಲ ಹೊಂದಿಸಿ, ಅಪ್ಪನ ಕೈಯಿಂದ ವಿಮಾನದ ದುಡ್ಡು ಬಿಡಿಸಿ, ಏಳು ಸಮುದ್ರ ದಾಟಿ ಬಂದವರಿಗೆ ಸಿಗುವುದು ನನ್ನ ಕೋಣೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಒಂದು ಕಾಲು ಕೊಂಚ ಗಿಡ್ಡ.

ಆ ಕುರ್ಚಿಯಲ್ಲಿ ಕೂತು ಹೋದವರಲ್ಲಿ ನಮ್ಮ ಹುಬ್ಬಳ್ಳಿಯ ಹುಡುಗನೊಬ್ಬ. ನಾನು ಓದಿದ ಕಾಲೇಜಿನವನೇ. 1957ರಲ್ಲಿ ಶುರುವಾದ ಕೆಎಂಸಿ. ಮುಂದೆ ಅದು ಕಿಮ್ಸ್ ಆಯಿತು, ನನ್ನ ಬಾಯಿಗೆ ಮಾತ್ರ ಆಗಲಿಲ್ಲ. ಮೊದಲ ದಿನ ಕೋಟು, ಟೈ, ಕೊರಳಲ್ಲಿ ಹೊಸ ಲಿಟ್‌ಮನ್ ಸ್ಟೆತಾಸ್ಕೋಪು, ಕೈಯಲ್ಲಿ ದಪ್ಪ ನೋಟ್‌ಬುಕ್ಕು. ಮೊಣಕೈ ಕೆಳಗೆ ಬಟ್ಟೆ ಇರಬಾರದು, ಸೋಂಕು ಹರಡುತ್ತದೆ ಎಂಬ ನಿಯಮ ಈ ದೇಶದಲ್ಲಿದೆ. ರಿಸೆಪ್ಷನಿಸ್ಟ್ ಅವನ ಕೋಟು ತೆಗೆಸಿ, ಟೈ ಬಿಚ್ಚಿಸಿ, ತೋಳು ಮಡಿಸಿ ನನ್ನ ಮುಂದೆ ತಂದು ನಿಲ್ಲಿಸಿದಾಗ, ದಾಖಲಾಗಲು ಬಂದ ರೋಗಿಯ ಕಳೆ ಅವನ ಮುಖದ ಮೇಲಿತ್ತು.

“ಮುಂಜಾನಿ ಲಿಸ್ಟಿನಾಗ ಎಷ್ಟ ಮಂದಿ ಅದಾರ್ರೀ ಮ್ಯಾಡಮ್?”

“ಹದಿನೈದು.”

“ನೂರಾ ಹದಿನೈದ್ರೀ?”

“ಬರೇ ಹದಿನೈದಪಾ. ಒಬ್ಬೊಬ್ಬರಿಗೆ ಹತ್ತು ನಿಮಿಷ.”

ಅವನ ಕಣ್ಣಲ್ಲಿ ನನ್ನ ಬೆಲೆ ಇಳಿದದ್ದು ನನಗೆ ಕಾಣಿಸಿತು. ಪಾಪ, ಊಟದ ಹೊತ್ತಿಗೆ ನೂರು ಜನರನ್ನು ದಾಟಿಸುವ ಓಪಿಡಿಯಲ್ಲಿ ತಯಾರಾದವನು. ಅಲ್ಲಿ ರೋಗಿ ಕೂರುವ ಮೊದಲೇ ಗೋಳು ಹೇಳಬೇಕು, ಹೇಳುವಾಗಲೇ ಚೀಟಿ ಹಿಡಿಯಬೇಕು, ಹಿಡಿಯುವಾಗಲೇ ಏಳಬೇಕು. ಹದಿನೈದು ಜನರನ್ನು ಅವನು ಕ್ಯಾಂಟೀನಿಗೆ ಹೋಗುವ ದಾರಿಯಲ್ಲೇ ನೋಡಿ ಮುಗಿಸಬಲ್ಲ. ಆದರೆ ಐದನೆಯ ರೋಗಿ ಎದ್ದು ಹೋಗುವ ಹೊತ್ತಿಗೆ ನೋಟ್‌ಬುಕ್ ಮಡಿಚಿ ಕೂತಿದ್ದ.

“ಅಲ್ರೀ ಮ್ಯಾಡಮ್, ಇವರಿಗ್ಯಾರಿಗೂ ರೋಗಾನ ಇಲ್ಲಲ್ರೀ.”

ಮೊದಲನೆಯವಳಿಗೆ ಗಂಟಲು ಕೆರೆತ. ಆ್ಯಂಟಿಬಯಾಟಿಕ್ ಬೇಡವೆಂದು ಒಪ್ಪಿಸಲು ಹತ್ತರಲ್ಲಿ ಎಂಟು ನಿಮಿಷ ಹೋದವು, ಅಷ್ಟರೊಳಗೆ ಅವಳ ತಾಯಿ ವೃದ್ಧಾಶ್ರಮಕ್ಕೆ ಹೋಗಲು ಒಪ್ಪದ ಕತೆಯೂ ಬಂದು ಹೋಯಿತು. ಎರಡನೆಯವನಿಗೆ ಕೆಲಸದಿಂದ ರಜೆಯ ಚೀಟಿ. ಮೂರನೆಯವನು ಬಿಪಿ ನೋಡಿಸಿಕೊಳ್ಳಲು ಬಂದ ವಿಧುರ. ಬಿಪಿ ಹೋದ ವಾರವೂ ಸರಿ ಇತ್ತು, ಅದರ ಹಿಂದಿನ ವಾರವೂ ಸರಿ ಇತ್ತು. “ನಾರ್ಮಲ್ ಇದ್ದ ಮ್ಯಾಲ ಮತ್ಯಾಕ ಬರ್ತಾನ್ರೀ?” ಎಂದ ಹುಡುಗ. ಉತ್ತರ ಹೇಳಿದವಳು ಚಹಾ ತಂದ ರಿಸೆಪ್ಷನಿಸ್ಟ್: ಇವತ್ತು ಗುರುವಾರ, ಹೆಂಡತಿ ಇದ್ದಾಗ ಇಬ್ಬರೂ ಸಂತೆಗೆ ಹೋಗುತ್ತಿದ್ದ ದಿನ, ಆತನಿಗೆ ಬೇಕಾದ್ದು ಬಿಪಿಯ ಲೆಕ್ಕವಲ್ಲ, ಗುರುವಾರ ಕಳೆಯಬೇಕು. ಹುಡುಗ ನೋಟ್‌ಬುಕ್ ತೆರೆದ, ಪೆನ್ನು ಹಿಡಿದ, ಏನು ಬರೆಯುವುದೆಂದು ತೋಚದೆ ತಾರೀಖು ಹಾಕಿದ.

ಅವನಿಗೆ ನಾನು ಮೊದಲು ಕಲಿಸಿದ್ದು ಬಾಗಿಲ ಹಿಡಿಕೆಯನ್ನು ನೋಡುವುದು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ ಇದು. ಭುಜ ನೋವೆಂದು ಬಂದ ಹೆಂಗಸು ಭುಜ ತೋರಿಸಿ, ಮಾತ್ರೆ ಬರೆಸಿಕೊಂಡು, ಥ್ಯಾಂಕ್ಸ್ ಹೇಳಿ ಎದ್ದು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ತಿರುಗುತ್ತಾಳೆ. “ಅಂದಹಾಗೆ ಡಾಕ್ಟರ್, ಏನಿಲ್ಲ, ಎದೆಯಲ್ಲೊಂದು ಗಂಟು ಇದ್ದ ಹಾಗಿದೆ.” ಬಂದದ್ದು ಅದಕ್ಕೇ. ಭುಜ ಬರೀ ಪೀಠಿಕೆ. ನನ್ನ ಕಣ್ಣೆದುರು ಹಾಗೆ ಆಯಿತು, ಅವನ ಕಣ್ಣೆದುರೂ ಆಯಿತು. ಆವತ್ತೇ ಕಾರ್ಡಿಫ್‌ಗೆ ತುರ್ತು ಪತ್ರ ಹೋಯಿತು. ಹುಡುಗ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಮರುದಿನದಿಂದ ಅವನಿಗೆ ಹಿಡಿಕೆಯ ಹುಚ್ಚು ಹಿಡಿಯಿತು. ರೋಗಿಯ ಮುಖವನ್ನೇ ನೋಡುವುದಿಲ್ಲ, ದೃಷ್ಟಿ ನೆಟ್ಟಗೆ ಬಾಗಿಲಿನ ಹಿತ್ತಾಳೆಯ ಮೇಲೆ. ಕಿವಿಯ ಗುಗ್ಗೆ ತೆಗೆಸಿಕೊಂಡು ಖುಷಿಯಿಂದ ಹೊರಟ ಒಬ್ಬ ನಿವೃತ್ತ ಟೀಚರು ಹಿಡಿಕೆ ಮುಟ್ಟಿದ್ದೇ ತಡ, ಈತ ಕುರ್ಚಿಯಿಂದ ಅರ್ಧ ಎದ್ದು, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿಯೇಬಿಟ್ಟ. ಟೀಚರು ಎರಡು ಕ್ಷಣ ಯೋಚಿಸಿ, ವಾಪಸು ಬಂದು, ಕೈಚೀಲ ನೆಲಕ್ಕಿಟ್ಟು ಕೂತರು. ಇತ್ತು. ಹೇಳುವುದು ಬಹಳ ಇತ್ತು. ಮಗ ಆಸ್ಟ್ರೇಲಿಯಾದಲ್ಲಿದ್ದ, ಸೊಸೆಯ ವಿಚಾರವೂ ಇತ್ತು. ಆ ಮುಂಜಾನೆ ನಾವು ಅರ್ಧ ಗಂಟೆ ಹಿಂದೆ ಬಿದ್ದೆವು. ನಮ್ಮಲ್ಲಿ ಡಾಕ್ಟರಿಗಿಂತ ದೊಡ್ಡ ಅಧಿಕಾರಿ ರಿಸೆಪ್ಷನಿಸ್ಟು. ಅವಳು ಆ ದಿನ ನಮ್ಮಿಬ್ಬರಿಗೂ ಚಹಾ ತರಲಿಲ್ಲ.

ಹಂಗೇರಿಯಿಂದ ಇಂಗ್ಲೆಂಡಿಗೆ ಬಂದ ಮೈಕೆಲ್ ಬಾಲಿಂಟ್ ಎಂಬ ಮನೋವೈದ್ಯ ರೋಗಿ-ಡಾಕ್ಟರರ ಇಂಥ ಮಾತುಕತೆಯ ಮೇಲೆ 1957ರಲ್ಲಿ ಒಂದು ಪುಸ್ತಕವನ್ನೇ ಬರೆದ. ಊರಿನ ಸಾದಾ ಡಾಕ್ಟರುಗಳನ್ನು ವಾರಕ್ಕೊಮ್ಮೆ ಸುತ್ತ ಕೂರಿಸಿಕೊಂಡು, ಅವರವರ ರೋಗಿಗಳ ಬಗ್ಗೆ ಮಾತಾಡಿಸಿ ಕಂಡುಕೊಂಡದ್ದು: ಜನರಲ್ ಪ್ರಾಕ್ಟೀಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಔಷಧ ಡಾಕ್ಟರೇ, ಆದರೆ ಅದರ ಡೋಸು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಇದನ್ನು ಹೇಳಿದಾಗ ಹುಡುಗ, “ಸೈಡ್ ಇಫೆಕ್ಟ್ ಏನ್ರೀ?” ಎಂದು ಕೇಳಿದ. ಹೊರಗೆ ಕಾಯುತ್ತ ಕೂತವರನ್ನು ಕೇಳು ಎಂದೆ.

ಅವನಿಗೆ ಎಲ್ಲಕ್ಕಿಂತ ಹೆಚ್ಚು ಬೆರಗಾದದ್ದು ಹಿಂದಿನ ಕೋಣೆಯ ಕಪಾಟುಗಳಲ್ಲಿ. ಕಂಪ್ಯೂಟರ್ ಬರುವ ಮೊದಲು ಈ ದೇಶದಲ್ಲಿ ರೋಗಿಯ ಚರಿತ್ರೆಯನ್ನೆಲ್ಲ ಅಂಗೈಗಿಂತ ಕೊಂಚ ದೊಡ್ಡದಾದ ಕಂದು ಲಕೋಟೆಗಳಲ್ಲಿ ಇಡುತ್ತಿದ್ದರು. ಲಾಯ್ಡ್ ಜಾರ್ಜ್ ಲಕೋಟೆ ಎಂದೇ ಅದರ ಹೆಸರು. 1911ರಲ್ಲಿ ಕೆಲಸಗಾರರಿಗೆ ಆರೋಗ್ಯ ವಿಮೆ ತಂದ ಮಂತ್ರಿ ಆತ, ಮನೆಯಲ್ಲಿ ವೆಲ್ಷ್ ಮಾತಾಡಿ ಬೆಳೆದವನು. ಮನುಷ್ಯ ಹುಟ್ಟಿದ ಕೂಡಲೇ ಅವನ ಹೆಸರಿಗೊಂದು ಲಕೋಟೆ, ಊರು ಬದಲಿಸಿದರೆ ಅದೂ ಹಿಂದೆ ಹಿಂದೆ ಹೊಸ ಡಾಕ್ಟರ ಬಳಿಗೆ. ಸತ್ತವರದು ವಾಪಸ್ಸು ಸರ್ಕಾರಕ್ಕೆ. ನಾನೊಂದನ್ನು ತೆಗೆದು ಕೈಯಲ್ಲಿಟ್ಟೆ. ಅಂಚು ಜೂಲುಜೂಲಾಗಿ, ಒಳಗಿನ ಕಾರ್ಡುಗಳು ಉಬ್ಬಿ, ಹೊಟ್ಟೆ ಒಡೆಯದಂತೆ ರಬ್ಬರ್‌ಬ್ಯಾಂಡ್ ಹಾಕಿತ್ತು. ಮೊದಲ ಕಾರ್ಡಿನಲ್ಲಿ ಫೌಂಟನ್ ಪೆನ್ನಿನ ನೀಲಿಯಲ್ಲಿ ಕೂಸಿನ ನಾಯಿಕೆಮ್ಮು, ಕೊನೆಯದರಲ್ಲಿ ನನ್ನ ಬಾಲ್‌ಪೆನ್ನಿನಲ್ಲಿ ಅದೇ ಕೂಸಿನ ಮಂಡಿ ಆಪರೇಷನ್ನು. ನಡುವೆ ನಾಲ್ಕೈದು ಡಾಕ್ಟರರ ಕೈಬರಹ, ಒಂದೂ ಓದಲು ಬಾರದು.

“ನಮ್ಮಲ್ಲಿ ಪೇಷಂಟ್ ತಾವ ಹೊತ್ಕೊಂಡ ಬರ್ತಾರಲ್ರೀ,” ಎಂದ. ಹೌದಲ್ಲ. ನಮ್ಮಲ್ಲಿ ಚರಿತ್ರೆ ಇರುವುದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ. ಎಕ್ಸ್‌ರೇ, ಸುರುಳಿ ಸುತ್ತಿದ ಇಸಿಜಿ, ಮೂವರು ಡಾಕ್ಟರರ ಚೀಟಿ, ಯಾವುದೋ ಮಾತ್ರೆಯ ಖಾಲಿ ಪಟ್ಟಿ, ರೇಷನ್ ಕಾರ್ಡಿನ ಜೆರಾಕ್ಸು. ಅಜ್ಜ ಅದನ್ನು ಮೇಜಿನ ಮೇಲೆ ಸುರಿದು ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಎಂಬಂತೆ ಕೈಕಟ್ಟಿ ನಿಲ್ಲುತ್ತಾನೆ. ಇಲ್ಲಿ ಡಾಕ್ಟರು ಬದಲಾದರೂ ಕಾಗದ ಉಳಿಯುತ್ತದೆ, ಅಲ್ಲಿ ಕಾಗದ ಹರಿದರೂ ಅಜ್ಜ ಉಳಿದಿರುತ್ತಾನೆ. ಯಾವುದು ಮೇಲು ಎಂದು ನನ್ನನ್ನು ಕೇಳಬೇಡಿ. ಕಾಗದ ಇದ್ದರೆ ಔಷಧ ಬರೆಯುವುದು ಸುಲಭ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಈ ಕಣಿವೆಗೆ ನಾನು ಹೇಗೆ ಬಂದೆ ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ದಿನ ಕೇಳುತ್ತಾನೆ, ಸಾಮಾನ್ಯವಾಗಿ ಸತತ ಮಳೆಯ ನಾಲ್ಕನೆಯ ದಿನ. 1975ರಲ್ಲಿ ಭಾರತದ ಡಿಗ್ರಿಗಳಿಗೆ ಇಲ್ಲಿದ್ದ ನೇರ ಮನ್ನಣೆ ಹೋಯಿತು. ಆಮೇಲೆ ಬಂದ ನಮ್ಮಂಥವರು ಪ್ಲ್ಯಾಬ್ ಪರೀಕ್ಷೆ ಕಟ್ಟಬೇಕು. ಅದು ಪಾಸಾದ ಮೇಲೂ ಕೆಲಸ ಸಿಗುವ ತನಕ ಯಾವುದಾದರೊಂದು ಆಸ್ಪತ್ರೆಯಲ್ಲಿ ಪುಕ್ಕಟೆ ನಿಂತು ನೋಡುವುದು. ಕ್ಲಿನಿಕಲ್ ಅಟ್ಯಾಚ್‌ಮೆಂಟ್ ಎಂದು ಅದಕ್ಕೆ ಹೆಸರು. ನಾನು ನಿಂತಿದ್ದ ಹೆರಿಗೆ ವಾರ್ಡಿನಲ್ಲಿ ರೌಂಡ್ಸಿನ ಗುಂಪಿನ ಕಟ್ಟಕಡೆಯವಳು. ದೊಡ್ಡ ಡಾಕ್ಟರು ಎಲ್ಲರಿಗೂ ಪ್ರಶ್ನೆ ಕೇಳುತ್ತಿದ್ದರು, ನನ್ನ ಸರದಿ ಬಂದಾಗ ಗಡಿಯಾರ ನೋಡುತ್ತಿದ್ದರು. ಆ ವಾರ್ಡಿನಲ್ಲಿ ನನ್ನೊಡನೆ ಬಾಯಿ ತುಂಬ ಮಾತಾಡಿದವರು ಬಾಣಂತಿಯರು ಮಾತ್ರ. ಹೆರಿಗೆ ತಜ್ಞೆಯಾಗುವ ದಾರಿ ಉದ್ದವಿತ್ತು, ನಮ್ಮಂಥವರಿಗೆ ಇನ್ನಷ್ಟು ಉದ್ದ. ಈ ದೇಶದ ಹುಡುಗರು ಬೇಡವೆಂದು ಬಿಟ್ಟ ಗಣಿ ಕಣಿವೆಗಳಲ್ಲಿ ಜಿಪಿಗಳ ಕುರ್ಚಿ ಖಾಲಿ ಇದ್ದವು. ಹಾಗಾಗಿ 1970–80ರ ದಶಕಗಳಲ್ಲಿ ಇಲ್ಲಿನ ಕಣಿವೆ ಕಣಿವೆಗೂ ಒಬ್ಬ ರಾವ್, ಒಬ್ಬ ಶಾ, ಒಬ್ಬ ರೆಡ್ಡಿ. ಗಣಿ ಕಾರ್ಮಿಕರ ಮುಷ್ಕರ 1985ರಲ್ಲಿ ಸೋತು, ಗಣಿಗಳು ಒಂದೊಂದಾಗಿ ಮುಚ್ಚಿ, ಅಂಗಡಿ ಬ್ಯಾಂಕುಗಳು ಹಿಂದೆಯೇ ಹೊರಟವು. ನಾವು ಉಳಿದೆವು. ತ್ಯಾಗ ಗೀಗ ಏನಿಲ್ಲ, ಮನೆ ಸಾಲ ಇತ್ತು.

ನಮ್ಮ ಕಣಿವೆಯಿಂದ ಒಂದೆರಡು ಗುಡ್ಡ ಆಚೆಗೆ ಗ್ಲಿನ್‌ಕೊರಗ್ ಎಂಬ ಹಳ್ಳಿ. ಅಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಡಾಕ್ಟರು ದಶಕಗಳ ಕಾಲ ಕೂತು, ಊರಿನ ಪ್ರತಿಯೊಬ್ಬರ ಬಿಪಿಯನ್ನೂ, ಕಾಯಿಲೆ ಇದ್ದವರದು ಇಲ್ಲದವರದು ಎನ್ನದೆ, ಅಳೆದು ಬರೆದಿಟ್ಟರು. ಒಳ್ಳೆಯ ವೈದ್ಯಕೀಯ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದವರು ಅವರೇ. ಹುಡುಗರು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಕಲಬುರಗಿ, ರಾಯಚೂರುಗಳ ಕಡೆ ಹೋಗಿಬಂದ ಯಾರಿಗಾದರೂ ಅದು ಲ್ಯಾನ್ಸೆಟ್ ಓದದೆಯೂ ಗೊತ್ತು ಎಂದು ನಾನು ಅನ್ನುತ್ತೇನೆ. ಶನಿವಾರ ಅವರನ್ನು ಕಾರಿನಲ್ಲಿ ಹಾಕಿಕೊಂಡು ಟ್ರೆಡೆಗರ್ ತೋರಿಸಲು ಹೋಗುವುದೂ ಉಂಟು. ಅಲ್ಲಿ ಗಣಿಯವರು ತಮ್ಮ ಕೂಲಿಯಲ್ಲಿ ಪೆನ್ನಿಗಳನ್ನು ಕೂಡಿಸಿ ಡಾಕ್ಟರರನ್ನು ಇಟ್ಟುಕೊಂಡಿದ್ದರು. ಅದೇ ಊರಿನ ಗಣಿ ಹುಡುಗ ಅನೈರಿನ್ ಬೆವನ್ ಮುಂದೆ ಮಂತ್ರಿಯಾಗಿ 1948ರ ಜುಲೈ 5ರಂದು ಇಡೀ ದೇಶಕ್ಕೆ ಆ ಏರ್ಪಾಟು ಮಾಡಿಸಿದ. ಬೆವನ್ ನೆನಪಿಗೆ ಗುಡ್ಡದ ಮೇಲೆ ದೊಡ್ಡ ದೊಡ್ಡ ಸುಣ್ಣಗಲ್ಲು ನೆಟ್ಟಿದ್ದಾರೆ. ಹುಬ್ಬಳ್ಳಿಯ ಹುಡುಗ ಕಲ್ಲಿಗೊರಗಿ ಸೆಲ್ಫಿ ತೆಗೆದು, ಅವ್ವನಿಗೆ ಕಳಿಸಿ, ಗಾಳಿಗೆ ಹಲ್ಲು ಕಟಕಟಿಸುತ್ತ, “ನಡೀರಿ ಆಂಟಿ, ಕಾರಿನಾಗ ಕೂಡೋಣು,” ಎಂದ. ಅಷ್ಟು ಹೊತ್ತಿಗೆ ನಾನು ಮ್ಯಾಡಮ್ಮಿನಿಂದ ಆಂಟಿಗೆ ಇಳಿದಿದ್ದೆ, ಅಥವಾ ಏರಿದ್ದೆ. ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಹಾಕಿದ ಮೇಲೆ ಮ್ಯಾಡಮ್ ಎಂದು ಕರೆಯುವುದು ಯಾರಿಂದಲೂ ಆಗುವುದಿಲ್ಲ.

ಮನೆಭೇಟಿಗೆ ಕರೆದೊಯ್ದಾಗ ಇನ್ನೊಂದು ಪಾಠವಾಯಿತು. ದೂಳು ತುಂಬಿದ ಶ್ವಾಸಕೋಶದ ಹಳೆಯ ಗಣಿಗಾರನೊಬ್ಬ, ಮೂಗಿಗೆ ಆಕ್ಸಿಜನ್ ನಳಿಕೆ, ಕಾಲ ಬಳಿ ಕಪ್ಪು ನಾಯಿ. ಹುಡುಗ ಹೊಸ್ತಿಲಲ್ಲೇ ನಿಂತ. “ರೇಬಿಸ್ ಇಂಜೆಕ್ಷನ್ ಆಗೇದೇನ್ರೀ ಇದಕ್ಕ?” ಎಂದು ನನ್ನ ಕಿವಿಯಲ್ಲಿ ಕೇಳಿದ. ಈ ದೇಶದ ನಾಯಿಗಳಲ್ಲಿ ರೇಬಿಸ್ ಇಲ್ಲ, ಲಸಿಕೆ ಹಾಕುವ ರೂಢಿಯೂ ಇಲ್ಲ ಎಂದೆ. ಇಲ್ಲ ಎಂಬ ಎರಡನೆಯ ಮಾತು ಮಾತ್ರ ಅವನಿಗೆ ಕೇಳಿಸಿತು. ಗಣಿಗಾರ ಉಸಿರು ಎಳೆದೆಳೆದು ನಗುತ್ತ, ನಾಯಿ ಕಚ್ಚುವುದಿಲ್ಲ, ಹೆಂಡತಿಯ ಬಗ್ಗೆ ಖಾತ್ರಿ ಕೊಡಲಾರೆ ಎಂದ. ಆಮೇಲೆ ಅಂಗಿ ಎತ್ತಿ, ಬೆನ್ನು ತಿರುಗಿಸಿ, ಎಡಗಡೆ ಕೆಳಗೆ ಚೆನ್ನಾಗಿ ಕೇಳುತ್ತದೆ ಎಂದು ತಾನೇ ತೋರಿಸಿದ. ಬೆನ್ನಿನ ಮೇಲೆ ಅಲ್ಲಲ್ಲಿ ಶಾಯಿ ಚೆಲ್ಲಿದ ಬಣ್ಣದ ಕಲೆಗಳು. ಹಚ್ಚೆಯೇ ಎಂದು ಹುಡುಗ ಕೇಳಿದ. ಅಲ್ಲ, ಗಾಯ ಮಾಗುವಾಗ ಒಳಗೆ ಉಳಿದುಹೋದ ಕಲ್ಲಿದ್ದಲು. ಹುಡುಗ ಅದರ ಮೇಲೆ ಒಂದು ಬೆರಳಾಡಿಸಿದ, ಗಣಿಗಾರ ಅದು ಯಾವ ಗಣಿಯದು, ಯಾವ ಪಾಳಿಯದು ಎಂದು ಒಂದೊಂದನ್ನೇ ಹೇಳುತ್ತ ಹೋದ. ಅಲ್ಲಿಂದ ಎದ್ದು ಬರುವಾಗ ನಾಯಿ ಹುಡುಗನ ಬೂಟಿನ ಮೇಲೆ ತಲೆಯಿಟ್ಟು ಮಲಗಿತ್ತು, ಇವನು ಕಾಲು ಅಲುಗಿಸದೆ ಕೂತಿದ್ದ.

ಹೀಗೆ ಹೇಳುತ್ತ ಹೋದರೆ ಕಲಿಸಿದ್ದು ನಾನು ಎಂಬ ಭಾವನೆ ಬರಬಹುದು. ನಿಜ ಸಂಗತಿ ಬೇರೆ. ನಮ್ಮ ದವಾಖಾನೆಯ ಪ್ರೊಫೆಸರು ಒಬ್ಬಳು ಅಜ್ಜಿ. ಹೆಸರು ಹೇಳುವಂತಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಇಲ್ಲಿ ಅರ್ಧ ಊರು ಜೋನ್ಸ್, ಇನ್ನರ್ಧ ಡೇವಿಸ್. ಅದಕ್ಕೇ ಹಿಂದಿನವರು ಹಾಲಿನ ಜೋನ್ಸ್, ರೊಟ್ಟಿಯ ಜೋನ್ಸ್ ಎಂದು ಕಸುಬು ಹಚ್ಚಿ ಕರೆಯುತ್ತಿದ್ದರು. ನಮ್ಮ ಕಡೆಯ ಅಕ್ಕಿ, ಎಣ್ಣಿ, ಮೆಣಸಿನಕಾಯಿ ಮನೆತನಗಳ ನಡುವೆ ಬೆಳೆದವಳಿಗೆ ಇದೇನೂ ಹೊಸದಲ್ಲ. ನಾನೂ ಅದೇ ಪದ್ಧತಿ ಹಿಡಿದು ಇವಳನ್ನು ಮರ್ಮರದಜ್ಜಿ ಎನ್ನುತ್ತೇನೆ.

ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಅವಳ ಹೃದಯದ ಮಹಾಪಧಮನಿಯ ಕವಾಟ ವಯಸ್ಸಿಗೆ ಗಡಸಾಗಿ ಕಿರಿದಾಗುತ್ತ ಬಂದಿತ್ತು. ರಕ್ತ ಅದರಲ್ಲಿ ನುಗ್ಗುವಾಗ ಒಂದು ಸದ್ದು, ಅದೇ ಮರ್ಮರ್. ಪಠ್ಯಪುಸ್ತಕದಲ್ಲಿ ಬರೆದಂತೆಯೇ, ಎದೆಯ ಬಲಭಾಗದಲ್ಲಿ ಮೇಲಕ್ಕೆ ಖರಖರ ಕೇಳಿ ಕುತ್ತಿಗೆಯವರೆಗೆ ಹರಿಯುವ ಸದ್ದು. ಕಲಿಯುವವರ ಪಾಲಿಗೆ ಅದು ಖಜಾನೆ. ಬಂದ ವಿದ್ಯಾರ್ಥಿಗಳನ್ನೆಲ್ಲ ನಾನು ಅವಳ ಒಪ್ಪಿಗೆ ಕೇಳಿ ಕಳಿಸುತ್ತಿದ್ದೆ. ಕೊನೆಕೊನೆಗೆ ಒಪ್ಪಿಗೆ ಕೇಳುವವಳು ಅವಳೇ ಆದಳು: “ಯಾರೂ ಬಂದಿಲ್ಲವಾ ಈ ತಿಂಗಳು?” ಒಬ್ಬರಾದ ಮೇಲೊಬ್ಬರು ಕೇಳಿ, ತಮ್ಮ ತಮ್ಮಲ್ಲೇ ಚರ್ಚಿಸಿ, ‘ಲಬ್... ಶ್ಶ್ಶ್... ಡಬ್’ ಎಂದು ಬಾಯಲ್ಲಿ ಅನುಕರಣೆ ಮಾಡಿ ತೋರಿಸಿ ಹೋದದ್ದನ್ನು ಕೇಳುತ್ತ ಕೇಳುತ್ತ ಅಜ್ಜಿ ಪಂಡಿತೆಯಾದಳು.

ಹುಬ್ಬಳ್ಳಿಯ ಹುಡುಗ ಸ್ಟೆತಾಸ್ಕೋಪು ಹಿಡಿದು ಬಗ್ಗಿದಾಗ ನಾನು ಬಾಗಿಲ ಬಳಿ ನಿಂತಿದ್ದೆ.

“ಅಲ್ಲಲ್ಲ ಕಂದ, ಇನ್ನೂ ಮೇಲೆ. ಬಲಕ್ಕೆ. ಹಾಂ, ಅಲ್ಲಿ. ಉಸಿರು ಹೊರಗೆ ಬಿಟ್ಟು ಹಿಡಿಯಲಾ? ನೀನು ಕೇಳಬೇಕಿತ್ತು ಅದನ್ನು. ಇರಲಿ, ಹಿಡಿದೆ.”

ಹಿಡಿದ ಉಸಿರಿನಲ್ಲೇ ಬೆರಳಿನಿಂದ ಕುತ್ತಿಗೆ ತೋರಿಸಿದಳು. ಅವನು ಅಲ್ಲೂ ಇಟ್ಟು ಕೇಳಿದ.

“ಈಗ ಹೇಳು. ಸಿಸ್ಟಾಲಿಕ್ಕೋ, ಡಯಾಸ್ಟಾಲಿಕ್ಕೋ?”

ಕೆಎಂಸಿಯ ವೈವಾದಲ್ಲಿ ಎಕ್ಸ್‌ಟರ್ನಲ್ ಎದುರು ಕೂತವನ ಬೆವರು ಅವನಿಗೆ. “ಸಿಸ್ಟಾಲಿಕ್,” ಎಂದ. ಅಜ್ಜಿ ನನ್ನ ಕಡೆ ತಿರುಗಿ, ಈ ಹುಡುಗನಿಗೆ ಕೇಕ್ ಕೊಡಬಹುದು ಎಂಬಂತೆ ತಲೆ ಆಡಿಸಿದಳು. ತಪ್ಪು ಹೇಳಿದವರಿಗೂ ಕೇಕ್ ಕೊಡುತ್ತಿದ್ದಳು, ಆದರೆ ಮೊದಲು ಇನ್ನೊಮ್ಮೆ ಕೇಳಿಸುತ್ತಿದ್ದಳು. ತವೆಯಂಥ ದಪ್ಪ ಕಬ್ಬಿಣದ ಮೇಲೆ ಸುಟ್ಟ, ಒಣದ್ರಾಕ್ಷಿ ಹಾಕಿದ ಬಿಲ್ಲೆ ಅದು. ಹುಡುಗ ನಾಲ್ಕು ತಿಂದ.

ಅವನು ಹೊರಡುವ ವಾರ ಕಾಗದಗಳ ವಾರ. ವಿದೇಶಿ ವಿದ್ಯಾರ್ಥಿಗಳೆಲ್ಲರ ಫ್ಯಾಮಿಲಿ ಮೆಡಿಸಿನ್ ಪ್ರೇಮ ಕೊನೆಗೆ ಬಂದು ನಿಲ್ಲುವುದು ಸರ್ಟಿಫಿಕೇಟಿನಲ್ಲಿ. ಜರ್ಮನ್ ಹುಡುಗಿಗೂ ಬೇಕು. ಅವರಿಗೆ ರಜೆಯಲ್ಲಿ ನಾಲ್ಕು ತಿಂಗಳು ಹೀಗೆ ಕಲಿಯುವುದು ಕಡ್ಡಾಯ, ಅದರಲ್ಲಿ ಒಂದು ತಿಂಗಳು ಮನೆವೈದ್ಯರ ಹತ್ತಿರ, ಸಹಿ ಇದ್ದರೆ ಸಾಲದು, ಮೊಹರೂ ಬೇಕು. ಹುಬ್ಬಳ್ಳಿಯವನ ಬೇಡಿಕೆ ಇನ್ನೂ ಸೂಕ್ಷ್ಮ. ನಮ್ಮಲ್ಲಿದ್ದದ್ದು ಉದ್ದನೆಯ, ಚೌಕಟ್ಟಿನ ವಿಳಾಸದ ಮೊಹರು. ರಿಸೆಪ್ಷನಿಸ್ಟ್ ಅದನ್ನು ಟಪ್ಪೆಂದು ಒತ್ತಿ ಕೊಟ್ಟಳು. ಅವನ ಮುಖ ಸಣ್ಣದಾಯಿತು.

“ರೌಂಡ್ ಸೀಲ್ ಇಲ್ಲೇನ್ರೀ ಆಂಟಿ? ಆಫೀಸಿನಾಗ ರೌಂಡ್ ಸೀಲ್ ಇದ್ರನ ತಗೋತಾರ್ರೀ.”

ಗುಂಡನೆಯ ಮೊಹರಿಲ್ಲದೆ ಭಾರತದಲ್ಲಿ ಏನೂ ನಡೆದದ್ದಾಗುವುದಿಲ್ಲ ಎಂಬುದನ್ನು ರಿಸೆಪ್ಷನಿಸ್ಟಿಗೆ ವಿವರಿಸಲು ನಾನು ಹೋಗಲಿಲ್ಲ. ಆವತ್ತು ರಕ್ತಪರೀಕ್ಷೆಗೆಂದು ಬಂದು ಕೂತಿದ್ದ ಮರ್ಮರದಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಕಾಗದ ಇಲ್ಲಿ ಕೊಡು ಎಂದಳು. ಕುಡಿದಿಟ್ಟ ಚಹಾದ ಕಪ್ಪನ್ನು ಕರವಸ್ತ್ರದಿಂದ ಒರೆಸಿ, ಮೊಹರಿನ ಮೇಲೆ ಬೋರಲು ಹಾಕಿ, ಸುತ್ತ ಪೆನ್ನಿನಿಂದ ಗೆರೆ ಎಳೆದಳು. ಆಮೇಲೆ, ಕಲಿಸಿದವಳು ತಾನಾದ್ದರಿಂದ ತನ್ನದೂ ಒಂದು ಶಿಫಾರಸು ಇರಲಿ ಎಂದು ಕೆಳಗಿನ ಖಾಲಿ ಜಾಗದಲ್ಲಿ ಬರೆದಳು: ಈ ಹುಡುಗ ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬಿಸಿ ಮಾಡಿಕೊಂಡು ಎದೆಗಿಡುತ್ತಾನೆ, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟ, ಚೆನ್ನಾಗಿ ತಿನ್ನುತ್ತಾನೆ. ನನ್ನ ಎರಡು ಪುಟದ ಪತ್ರದಲ್ಲಿ ಇದಕ್ಕಿಂತ ಹೆಚ್ಚಿನ ಮಾಹಿತಿ ಇರಲಿಲ್ಲ.

ಆ ಹುಡುಗ ಫ್ಯಾಮಿಲಿ ಡಾಕ್ಟರಾಗಲಿಲ್ಲ. ಆಗುತ್ತಾನೆಂದು ನಾನು ಅಂದುಕೊಂಡೂ ಇರಲಿಲ್ಲ. ನಮ್ಮಲ್ಲಿ ಆ ವಿಷಯದಲ್ಲಿ ಎಂಡಿ ಸೀಟುಗಳು ಬೆರಳೆಣಿಕೆ, ಡಿಎನ್‌ಬಿ ಉಂಟು, ಆದರೆ ನೀಟ್ ಪಿಜಿಯಲ್ಲಿ ಒಳ್ಳೆಯ ರ‍್ಯಾಂಕು ಬಂದವನು ಅದನ್ನು ಆರಿಸಿಕೊಂಡರೆ ಮನೆಮಂದಿ ದೇವರಿಗೆ ಹರಕೆ ಹೊರುತ್ತಾರೆ. ರ‍್ಯಾಂಕು ಬಂತು, ರೇಡಿಯಾಲಜಿ ಸಿಕ್ಕಿತು. ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಪರದೆ ಎಳೆದ ಕೋಣೆಯಲ್ಲಿ ಕೂತು ಸಿಟಿ, ಎಂಆರ್‌ಐ ಓದುತ್ತಾನೆ. ಮದುವೆಯಾಯಿತು, ಮಗಳು ಹುಟ್ಟಿದಳು, ಎಲ್ಲದರ ಫೋಟೋ ಬಂತು.

ಇತ್ತ ನಮ್ಮಲ್ಲೂ ಕಾಲ ಬದಲಾಯಿತು. ಬೆಳಗ್ಗೆ ಅರ್ಧಕ್ಕರ್ಧ ರೋಗಿಗಳನ್ನು ನೋಡುವುದು ಫೋನಿನಲ್ಲಿ. ಫೋನಿಗೆ ಬಾಗಿಲ ಹಿಡಿಕೆ ಇಲ್ಲ. ಇಲ್ಲಿಯದೇ ಮೆಡಿಕಲ್ ವಿದ್ಯಾರ್ಥಿಗಳು ಹೆಚ್ಚಾಗಿ, ಗಿಡ್ಡ ಕಾಲಿನ ಕುರ್ಚಿಗೂ ಸರದಿ ಬಂದಿದೆ. ಹೊರದೇಶದ ಅರ್ಜಿಗಳಿಗೆ ಈಗ ನಾನು ಬರೆಯುವುದು ಹೆಚ್ಚಾಗಿ ಕ್ಷಮಾಪಣೆ. ಪಕ್ಕದ ಕಣಿವೆಯ ಗುಜರಾತಿ ಡಾಕ್ಟರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬಾರದೆ ದವಾಖಾನೆಗೆ ಬೀಗ ಬಿತ್ತು. ನನ್ನ ನಿವೃತ್ತಿಯೂ ದೂರವಿಲ್ಲ, ರೋಗಿಗಳು ಅದನ್ನು ಕೇಳುವುದು ಹಿಡಿಕೆಯ ಮೇಲೆ ಕೈಯಿಟ್ಟ ಮೇಲೆಯೇ.

ಮರ್ಮರದಜ್ಜಿಗೆ ಮೆಟ್ಟಿಲು ಹತ್ತುವಾಗ ಉಸಿರು ಹಿಡಿಯತೊಡಗಿ, ಒಂದು ದಿನ ಚಾಪೆಲ್ಲಿನ ಹಾಡಿನ ಅಭ್ಯಾಸದ ನಡುವೆ ತಲೆಸುತ್ತಿ ಬಿದ್ದಳು. ಕಾರ್ಡಿಫ್‌ನಲ್ಲಿ ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಏರಿಸಿ ಕೂರಿಸಿದರು. ಎದೆ ಕೊಯ್ಯಬೇಕಿಲ್ಲ, ಹೊಲಿಯಬೇಕಿಲ್ಲ, ನಾಲ್ಕೇ ದಿನಕ್ಕೆ ಮನೆ. ಕೆನ್ನೆಗೆ ಬಣ್ಣ ಬಂತು. ಗುಡ್ಡ ಹತ್ತಿ ಚಿಪ್ಸ್ ತರುವಷ್ಟಾದಳು. ಆ ಮೇಲೆ ಬಂದ ವಿದ್ಯಾರ್ಥಿನಿ ಮಲೇಷ್ಯಾದವಳು. ಅಜ್ಜಿ ವಾಡಿಕೆಯಂತೆ ಉಸಿರು ಹಿಡಿದು ಕುತ್ತಿಗೆ ತೋರಿಸಿದಳು. ಹುಡುಗಿ ಅಲ್ಲಿಟ್ಟಳು, ಇಲ್ಲಿಟ್ಟಳು, ಕಣ್ಣು ಮುಚ್ಚಿದಳು, ನನ್ನ ಮುಖ ನೋಡಿದಳು. ಏನೂ ಇಲ್ಲ. ಲಬ್ ಡಬ್, ಎಲ್ಲರದೂ ಇರುವ ಹಾಗೆ.

“ಹೋಯಿತಾ?” ಎಂದಳು ಅಜ್ಜಿ. ಗುಣವಾದ ರೋಗಿಯ ಮುಖ ಅಷ್ಟು ಪೆಚ್ಚಾದದ್ದನ್ನು ನಾನು ಕಂಡಿಲ್ಲ. ಆಮೇಲೆ ಕಂಬಳಿ ಸರಿಸಿ, “ಮೊಣಕಾಲು ನೋಡುತ್ತೀಯಾ? ಬಲಗಡೆಯದು ಚೆನ್ನಾಗಿ ಸದ್ದು ಮಾಡುತ್ತದೆ,” ಎಂದಳು.

ಈ ಕತೆಯನ್ನು ನಾನು ಬೆಂಗಳೂರಿನ ರೇಡಿಯಾಲಜಿಸ್ಟಿಗೆ ಫೋನಿನಲ್ಲಿ ಹೇಳಿದೆ. ನಕ್ಕ. ಅಂಥ ಆಪರೇಷನ್ನಿಗೆ ಮೊದಲು ಕವಾಟದ ಅಳತೆ ಹಿಡಿಯುವ ಸಿಟಿ ಓದುವುದು ಅವನದೇ ಕೆಲಸವಂತೆ.

“ವಾರಾ ನೋಡ್ತೀನ್ರೀ ಆಂಟಿ ಇಂಥಾ ವಾಲ್ವು. ಎಷ್ಟು ಮಿಲಿಮೀಟರ್, ಎಷ್ಟು ಕ್ಯಾಲ್ಸಿಯಂ, ಎಲ್ಲಾ ಹೇಳ್ತೀನಿ. ದನಿ ಮಾತ್ರ ಆ ಒಂದರದ ನೆನಪೈತಿ ನೋಡ್ರಿ, ಅದೂ ಈಗ ಮಸಕ ಮಸಕ.”

ಆ ಮಾತನ್ನು ನಾನು ಮುಂದಿನ ಭೇಟಿಯಲ್ಲಿ ಅಜ್ಜಿಗೆ ಹೇಳಬಾರದಿತ್ತೋ ಏನೋ. ಈಗಲೇ ಹಚ್ಚು ಎಂದಳು. ಬೆಂಗಳೂರಿನಲ್ಲಿ ರಾತ್ರಿ ಊಟದ ಹೊತ್ತು. ಅವನು ವಾಟ್ಸ್‌ಆ್ಯಪ್‌ನಲ್ಲಿ ತಟ್ಟೆ ಸಮೇತ ಕಾಣಿಸಿಕೊಂಡ. ಅಜ್ಜಿ ಪೀಠಿಕೆಯಿಲ್ಲದೆ ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಚಾಪೆಲ್ಲಿನಲ್ಲಿ ಪಳಗಿದ ಗಂಟಲಿನಿಂದ, ಎಲ್ಲೆಲ್ಲಿ ಏರಬೇಕೋ ಎಲ್ಲಿ ಇಳಿಯಬೇಕೋ ಅಲ್ಲಲ್ಲಿ ಏರಿಸಿ ಇಳಿಸಿ, ತನ್ನ ಹಳೆಯ ಮರ್ಮರವನ್ನು ಮೂರು ಸಲ ಕೇಳಿಸಿದಳು.

“ಸಿಸ್ಟಾಲಿಕ್ಕೋ, ಡಯಾಸ್ಟಾಲಿಕ್ಕೋ?”

“ಸಿಸ್ಟಾಲಿಕ್,” ಎಂದ ಅವನು, ತುತ್ತು ಬಾಯಲ್ಲಿಟ್ಟುಕೊಂಡೇ.

“ಪಾಸು,” ಎಂದು ಅಜ್ಜಿ ಫೋನು ನನ್ನ ಕೈಗೆ ಕೊಟ್ಟು, ಕೆಟ್ಲು ಇಡಲು ಎದ್ದಳು.